ಪ್ರೆಸ್, ಮೂರು ಕಾಲಿನದು, ಸಂಖ್ಯೆ ಒಂದು

ಅಥವಾ ಆ ಸಾಲನ್ನು ನಾನು ಟೈಪ್ ಮಾಡಿದ್ದು ಊಟಕ್ಕೆ ಮೊದಲೇ ಇರಬಹುದು. ಊಟವಾದ ಮೇಲೆ ಎಂದು ಇಷ್ಟು ದಿನ ಹೇಳಿಕೊಂಡು ಬಂದಿದ್ದೇನೆ; ಊಟದ ನಂತರದ ತೂಕಡಿಕೆಯಲ್ಲಿ ಮಾಡಿದ ತಪ್ಪಿಗೆ ಕೇಳುವವರು ಸ್ವಲ್ಪ ರಿಯಾಯಿತಿ ಕೊಡುತ್ತಾರೆ. ಕಿಟಕಿಯಾಚೆ ಮಳೆ ಹೊಯ್ಯುತ್ತಿತ್ತು ಎಂದೂ ಸೇರಿಸುವುದುಂಟು. ಮಲಯ್ ನಾಡಿನ ಈ ಸೈಬರ್‌ಜಯಾದಲ್ಲಿ ಮಧ್ಯಾಹ್ನ ಮಳೆ ಬಂತೆಂದರೆ ಯಾರೂ ಸಾಕ್ಷಿ ಕೇಳುವುದಿಲ್ಲ. ನಿಜಕ್ಕೂ ಮಳೆ ಇತ್ತೇ, ಊಟವಾಗಿತ್ತೇ, ನಾನು ನಗುತ್ತಿದ್ದೆನೇ, ಒಂದಕ್ಕೂ ಖಾತರಿಯಿಲ್ಲ. ಸಾಲಿನ ಪಕ್ಕದಲ್ಲಿ ಗಂಟೆ ದಾಖಲಾಗಿದೆ, ನಿಜ. ಆದರೆ ಆ ವಾರ ನಮ್ಮ ಸರ್ವರಿನ ಗಡಿಯಾರ ಬೇರಾವುದೋ ದೇಶದ ಸಮಯದಲ್ಲಿ ಓಡುತ್ತಿತ್ತು. ಯಾವ ದೇಶವೆಂದು ಯಾರೂ ಕಂಡುಹಿಡಿಯಲಿಲ್ಲ.

ಸಾಲು ಮಾತ್ರ ಇದೆ. ಅದನ್ನು ಅಳಿಸಲು ಬರುವುದಿಲ್ಲ. "ಪ್ರೆಸ್, ಸ್ಕ್ರೂ ಇರುವುದು, ಕೈಯಿಂದ ತಿರುಗಿಸುವುದು, ಮೂರು ಕಾಲಿನದು, ಬಿಲ್ಲೆಗಳ ಸಹಿತ. ಸಂಖ್ಯೆ ಒಂದು. ಸ್ಥಿತಿ ಎ."

ಅದು ಶಾವಿಗೆ ಒತ್ತುವ ಮಣೆ. ನಮ್ಮ ಮನೆಯದು. ಅಡುಗೆಮನೆಯಲ್ಲಿ ಅಕ್ಕಿಡಬ್ಬಿಯ ಪಕ್ಕ ಮೂರು ಕಾಲೂರಿ ನಿಂತಿರುತ್ತದೆ. ನನ್ನ ಹೆಂಡತಿ ಇಲ್ಲಿನ ಮೆಡಿಕಲ್ ಕಾಲೇಜಿಗೆ ಪಾಠ ಮಾಡಲು ಬಂದಾಗ ಅದನ್ನು ಉಡುಪಿಯಿಂದ ಎರಡು ಸೀರೆಯಲ್ಲಿ ಸುತ್ತಿ ತಂದಿದ್ದಳು. ವಿಮಾನ ನಿಲ್ದಾಣದ ಎಕ್ಸ್‌ರೇ ಮುಂದೆ ಕುಳಿತಿದ್ದವರು ಅದನ್ನು ನೋಡಿ ಇನ್ನೊಬ್ಬರನ್ನು ಕರೆದರಂತೆ, ಅವರು ಮತ್ತೊಬ್ಬರನ್ನು. ಮೂರು ಕಾಲು, ನಡುವೆ ದಪ್ಪ ಕೊಳವೆ, ಮೇಲೆ ತಿರುಪಿನ ಹಿಡಿ. ಪರದೆಯ ಮೇಲೆ ನೋಡಿದರೆ ಸಣ್ಣ ಫಿರಂಗಿಯೇ. ಹೆಂಡತಿ ಅಲ್ಲೇ ನಿಂತು ಅಕ್ಕಿ ಶಾವಿಗೆಯ ವಿಧಾನ ಪೂರ್ತಿ ಹೇಳಿದ್ದಳೆಂದು ನನಗೆ ನೆನಪು. ಆದರೆ ಆಗ ನಾನು ಅವಳ ಜೊತೆ ಇರಲಿಲ್ಲ, ಒಂದು ತಿಂಗಳು ಮೊದಲೇ ಬಂದಿದ್ದೆ. ಹಾಗಾದರೆ ಈ ನೆನಪು ನನ್ನದಲ್ಲ.

ಇಂಥ ಮಣೆ ಸೇನೆಯ ಪಟ್ಟಿಗೆ ಹೋಗಿ ಸೇರಿದ್ದು ಹೇಗೆಂದು ಹೇಳಬೇಕು.

ನಾನಾಗ ಹದಿನೈದು ಜನರ ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಈಗ ಹದಿಮೂರು ಜನ. ದೊಡ್ಡ ಕಂಪನಿಯೊಂದು ಹಿಡಿದ ಸರ್ಕಾರಿ ಕೆಲಸದ ಒಂದು ತುಂಡು ನಮಗೆ ಬಂದಿತ್ತು. ಸೇನೆಯ ಗೋದಾಮುಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚಾಗಿ ಉಳಿದ ಸಾಮಾನುಗಳನ್ನು ಜಿಲ್ಲೆಗಳ ಪೊಲೀಸ್ ಠಾಣೆಗಳಿಗೂ ಗಡಿಯ ಠಾಣೆಗಳಿಗೂ ದಾಟಿಸುವುದು. ದಾಟಿಸುವವರು ಬೇರೆ. ದಾಟಿದ್ದನ್ನು ಬರೆದಿಡುವ ಪ್ರೋಗ್ರಾಂ ನಮ್ಮದು. ರಬ್ಬರ್ ದೋಣಿ, ಜನರೇಟರ್, ಸರ್ಚ್‌ಲೈಟ್, ಟೆಂಟು, ರೈನ್‌ಕೋಟು, ಕತ್ತಲಲ್ಲಿ ಕಾಣುವ ದುರ್ಬೀನು, ಮೂಗು ಚಪ್ಪಟೆಯಾದ ಹಳೆಯ ಲಾರಿಗಳು. ಎರಡು ವರ್ಷ ಅವುಗಳ ನಡುವೆ ಬದುಕಿದೆ, ಒಂದನ್ನೂ ಕಣ್ಣಾರೆ ನೋಡಲಿಲ್ಲ.

ಒಂದೇ ದುರ್ಬೀನು ಸೇನೆಯ ಕಾಲಂನಲ್ಲಿದ್ದಾಗ ಶತ್ರುವನ್ನು ಹುಡುಕುತ್ತಿತ್ತು. ಪೊಲೀಸರ ಕಾಲಂಗೆ ಬಂದ ಕೂಡಲೇ ಕಳ್ಳನನ್ನು. ಗಡಿಯ ಕಾಲಂಗೆ ಹೋದರೆ ಡೀಸೆಲ್ ಕ್ಯಾನು ಹೊತ್ತು ಬೇಲಿ ದಾಟುವವನನ್ನು. ದುರ್ಬೀನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ನನಗೂ ಅಷ್ಟೇ ಗೊತ್ತಿತ್ತು. ನದಿಯೇ ಇಲ್ಲದ ಊರಿನ ಠಾಣೆಗೆ ಎರಡು ರಬ್ಬರ್ ದೋಣಿ ಬರೆದಿದ್ದನ್ನು ನೋಡಿ ನಗು ಬಂದು, ಮನೆಯಲ್ಲಿ ಮಗಳಿಗೆ ಹೇಳಿದೆ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಮಗಳು ಅವಳು. ತಲೆಯೆತ್ತದೆ, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ಲಾ ಸೇರಿಸಿ, "ಫ್ಲಡ್ ಬಂದ್ರೆ ಬೇಕಲ್ಲ ಲಾ, ಅಪ್ಪ" ಎಂಬರ್ಥದ ಒಂದು ವಾಕ್ಯ ಹೇಳಿದಳು. ಆ ವರ್ಷದ ಕೊನೆಯಲ್ಲಿ ಆ ಊರು ಮೂರು ದಿನ ನೀರಿನಲ್ಲಿತ್ತು. ಅಂದಿನಿಂದ ಪಟ್ಟಿಯನ್ನು ನೋಡಿ ನಗುವುದು ಬಿಟ್ಟೆ. ಇದು ಪೂರ್ತಿ ನಿಜವಲ್ಲ. ಜೋರಾಗಿ ನಗುವುದು ಬಿಟ್ಟೆ.

ಪ್ರೋಗ್ರಾಂ ಸರಿಯಾಗಿ ನಡೆಯುತ್ತದೋ ಎಂದು ನೋಡಲು ಸುಳ್ಳು ಸಾಮಾನುಗಳನ್ನು ಬರೆದು, ಅವನ್ನು ಗೋದಾಮಿನಿಂದ ಠಾಣೆಗೆ ಕಳಿಸಿ, ಠಾಣೆಯಿಂದ ವಾಪಸು ತರಿಸಿ ನೋಡುವುದು ನಮ್ಮ ಕಸುಬಿನ ರೂಢಿ. ಉಳಿದವರೆಲ್ಲ "ಟೆಸ್ಟ್ ಒಂದು", "ಟೆಸ್ಟ್ ಎರಡು" ಎಂದು ಬರೆಯುತ್ತಿದ್ದರು. ಅಷ್ಟು ಬಡ ಕಲ್ಪನೆಯನ್ನು ಸಹಿಸಲು ನನ್ನಿಂದಾಗಲಿಲ್ಲ. ಯಾವ ಸೇನೆಯ ಬಳಿಯೂ ಇರಲಾರದ ವಸ್ತುವನ್ನು ಬರೆದರೆ ಸಾವಿರ ಸಾಲುಗಳ ನಡುವೆಯೂ ತಟ್ಟನೆ ಗುರುತು ಸಿಗುತ್ತದೆ, ಆಮೇಲೆ ತೆಗೆಯುವುದು ಸುಲಭ ಎಂದು ವಾದಿಸಿದೆ. ವಾದ ಚೆನ್ನಾಗಿತ್ತು. ಆದರೆ ಮಣೆಯನ್ನು ಮಣೆ ಎಂದು ಬರೆಯದೆ, ಪಟ್ಟಿಯ ಧಾಟಿಯಲ್ಲೇ, ಸೇನೆಯ ಗುಮಾಸ್ತನೊಬ್ಬ ಬರೆಯುವಂತೆ ವರ್ಣಿಸಿದೆ. ಎಷ್ಟು ಚೆನ್ನಾಗಿ ಬರೆದೆನೆಂದರೆ ಅದು ಉಳಿದ ಸಾಲುಗಳಲ್ಲಿ ಒಂದಾಗಿ ಕರಗಿಹೋಯಿತು. ಯಾವ ಠಾಣೆಗೆ ಎಂಬ ಕಡೆ, ಇಳಿಪಟ್ಟಿಯ ಕಟ್ಟಕಡೆಯ ಹೆಸರನ್ನು ಒತ್ತಿದೆ. ಉತ್ತರದ ತುದಿಯಲ್ಲಿ, ಥಾಯ್ಲೆಂಡಿನ ಬೇಲಿಗೆ ತಾಗಿದ ಒಂದು ಠಾಣೆ.

ಪ್ರೋಗ್ರಾಂ ಚಾಲೂ ಮಾಡುವ ದಿನ ಸುಳ್ಳು ಸಾಲುಗಳನ್ನೆಲ್ಲ ಗುಡಿಸಬೇಕಿತ್ತು. "ಟೆಸ್ಟ್" ಎಂಬ ಪದ ಇರುವ ಸಾಲುಗಳನ್ನೆಲ್ಲ ಒಂದೇ ಏಟಿಗೆ ತೆಗೆಯಲಾಯಿತು. ತೆಗೆದವನೂ ನಾನೇ.

ಇನ್ನೊಂದು ವಿಷಯ ಇದೆ. ನಮ್ಮ ಪ್ರಾಜೆಕ್ಟಿನ ಮುಖ್ಯಸ್ಥೆ ಮಂಗಳೂರಿನವರು, ಕಟ್ಟುನಿಟ್ಟಿನ ಹೆಂಗಸು, ಭಾನುವಾರ ಚರ್ಚಿಗೆ ಹೋಗುವಷ್ಟೇ ನಿಷ್ಠೆಯಿಂದ ಸೋಮವಾರ ನಮ್ಮ ತಪ್ಪು ಹುಡುಕುವವರು. ನಾನು ಅವರನ್ನು ಮೇಡಂ ಎನ್ನುತ್ತೇನೆ. ಅವರು ಸಿಟ್ಟಿಲ್ಲದಿದ್ದಾಗ ಹೆಸರಿನಿಂದಲೂ ಸಿಟ್ಟು ಬಂದಾಗ ಮಾರಾಯ್ರೆ ಎಂದೂ ಕರೆಯುತ್ತಾರೆ. ಸರ್ಕಾರಿ ಕಚೇರಿಗಳ ಊರಾದ ಪುತ್ರಜಯಾದ ಒಂದು ದೊಡ್ಡ ಕೋಣೆಯಲ್ಲಿ ಅಧಿಕಾರಿಗಳಿಗೆ ನಮ್ಮ ಪ್ರೋಗ್ರಾಂ ತೋರಿಸುವಾಗ ಅವರು ಎದೆಯುಬ್ಬಿಸಿ ಹೇಳಿದ್ದು ಇದು: ಪ್ರೋಗ್ರಾಂ ಚಾಲೂ ಆದ ಮೇಲೆ ಪಟ್ಟಿಯಲ್ಲಿರುವ ಸಾಲನ್ನು ಯಾರೂ ಅಳಿಸುವಂತಿಲ್ಲ, ನಾವೂ ಸಹ. ವಸ್ತು ಹಾಳಾಗಿದ್ದರೆ ಮೂವರು ಅಧಿಕಾರಿಗಳ ಮಂಡಳಿ ಅದನ್ನು ಕಣ್ಣಾರೆ ಕಂಡು, ಸಹಿ ಹಾಕಿ, ವಜಾ ಮಾಡಬೇಕು. ಸ್ಥಿತಿ ಎ ಇದ್ದದ್ದು ಆಗ ಸಿ ಆಗುತ್ತದೆ. ಸಾಲು ಮಾತ್ರ ಉಳಿಯುತ್ತದೆ. ಅಧಿಕಾರಿಗಳು ತಲೆದೂಗಿದರು. ಆ ನಿಯಮವನ್ನು ಕೋಡಿನಲ್ಲಿ ಬರೆದ ನಾನೂ ಮೂಲೆಯಲ್ಲಿ ಕುಳಿತು ತಲೆದೂಗಿದೆ. ಹಾಳಾಗಬೇಕಾದರೆ ಮೊದಲು ವಸ್ತು ಇರಬೇಕು ಎನ್ನುವುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಅದಾಗಿ ನಾಲ್ಕು ತಿಂಗಳಿಗೋ ಐದಕ್ಕೋ ಫೋನ್ ಬಂತು.

ಸಹಾಯಕ್ಕೆ ಕರೆ ಮಾಡಿ ಎಂದು ಪ್ರೋಗ್ರಾಂನಲ್ಲಿ ಕೊಟ್ಟಿದ್ದ ನಂಬರು ನನ್ನ ಮೇಜಿನ ಮೇಲೆ ರಿಂಗಾಗುತ್ತಿತ್ತು. ಆ ಕಡೆ ಗಡಿ ಠಾಣೆಯ ಸ್ಟೋರು ನೋಡಿಕೊಳ್ಳುವ ಸಾರ್ಜೆಂಟ್. ಮೊದಲು ಮಲಯ್‌ನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಮಾತಾಡಿ, ನನ್ನ ಇಂಗ್ಲಿಷಿನ ರಾಗ ಕೇಳಿ ತಮಿಳಿಗೆ ಇಳಿದರು. ಅವರ ಅಜ್ಜನ ಕಾಲಕ್ಕೇ ಇಲ್ಲಿಗೆ ಬಂದ ಕುಟುಂಬವಂತೆ. ನನ್ನ ತಮಿಳು ಇಲ್ಲಿನ ಭಾರತೀಯರ ಪೇಟೆಯಾದ ಬ್ರಿಕ್‌ಫೀಲ್ಡ್ಸ್‌ನ ಅಂಗಡಿಗಳಲ್ಲಿ ಕಲಿತದ್ದು. ತರಕಾರಿ ಕೊಳ್ಳಲು ಸಾಕು, ತಪ್ಪೊಪ್ಪಿಕೊಳ್ಳಲು ಸಾಲದು. ನಾನು ಅವರನ್ನು ಅಣ್ಣೆ ಎಂದೆ. ಅವರು ನನ್ನನ್ನು ತಂಬಿ ಎಂದರು. ಆ ಹೊತ್ತಿಗೆ ಇಬ್ಬರಿಗೂ ಪರಸ್ಪರರ ಮೇಲೆ ವಿಶ್ವಾಸ ಬಂದಿತ್ತು. ಅದೇ ಎಡವಟ್ಟಾದದ್ದು.

ಅವರು ಹೇಳಿದ್ದರ ಸಾರ ಇಷ್ಟು. ಈ ತಿಂಗಳ ಕೊನೆಗೆ ನಿವೃತ್ತಿ. ಹೊಸಬರಿಗೆ ಸ್ಟೋರು ಒಪ್ಪಿಸುತ್ತಿದ್ದಾರೆ. ಪಟ್ಟಿಯ ಪ್ರತಿ ಸಾಲಿಗೂ ವಸ್ತುವನ್ನು ಮುಟ್ಟಿ ತೋರಿಸಬೇಕು. ಎಲ್ಲ ಸಿಕ್ಕಿದೆ, ರೈನ್‌ಕೋಟಿನ ಗುಂಡಿಯವರೆಗೆ. ಒಂದು ಸಿಗುತ್ತಿಲ್ಲ. ಲಾರಿ ಬಂದ ದಿನ ಜೋರು ಕೆಲಸವಿತ್ತು, ಪೆಟ್ಟಿಗೆಗಳನ್ನು ಎಣಿಸಿ ಹಾಳೆಯ ಬುಡದಲ್ಲಿ ಸಹಿ ಹಾಕಿದ್ದರು, ಒಳಗೆ ಒಂದೊಂದನ್ನೇ ನೋಡಿರಲಿಲ್ಲ. ಮೂವತ್ತೊಂದು ವರ್ಷದಲ್ಲಿ ಅವರ ಕೈಕೆಳಗೆ ಒಂದು ಬೋಲ್ಟು ಕಡಿಮೆಯಾಗಿಲ್ಲ. ಇದು ಸಿಗದಿದ್ದರೆ ವಿಚಾರಣೆ ತೆರೆಯುತ್ತಾರೆ, ಬಿಡುಗಡೆಯ ಕಾಗದ ನಿಲ್ಲುತ್ತದೆ, ಫೈಲಿನ ಕೊನೆಯ ಹಾಳೆಯಲ್ಲಿ ಒಂದು ವಸ್ತು ಬಾಕಿ ಎಂದು ಬರೆಯುತ್ತಾರೆ.

"ಎರಡು ದಿನದಿಂದ ಹುಡುಕ್ತಾ ಇದ್ದೇನೆ, ತಂಬಿ. ನೋಡೋದಕ್ಕೆ ಹೇಗಿರ್ತದೆ ಅದು? ಎಷ್ಟು ಎತ್ತರ, ಯಾವ ಬಣ್ಣ? ಅಷ್ಟು ಹೇಳಿ ಸಾಕು ಲಾ."

ಇಲ್ಲಿ ನಾನು ಹೇಳಬೇಕಾದದ್ದು ಒಂದೇ ವಾಕ್ಯ. ಬದಲಿಗೆ, "ಕಪ್ಪು ಬಣ್ಣ, ಮೊಣಕಾಲಿನಷ್ಟು ಎತ್ತರ" ಎಂದೆ.

ಏಕೆ ಹಾಗೆಂದೆ ಎಂದು ನನ್ನನ್ನು ನಾನೇ ಬಹಳ ಸಲ ಕೇಳಿದ್ದೇನೆ, ಪ್ರತಿ ಸಲ ಬೇರೆ ಉತ್ತರ ಬರುತ್ತದೆ. ಹೆದರಿದೆ ಎನ್ನುವುದು ಒಂದು. ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ನನಗೆ ಗೊತ್ತಿತ್ತು, ಗೊತ್ತಿದ್ದ ಉತ್ತರವನ್ನು ಹೇಳದಿರುವುದು ನಮ್ಮ ಸಹಾಯವಾಣಿಯ ಚರಿತ್ರೆಯಲ್ಲೇ ಇಲ್ಲ ಎನ್ನುವುದು ಇನ್ನೊಂದು. ಎರಡನೆಯದು ಹೇಳಲು ಚೆನ್ನಾಗಿದೆ. ಆದ್ದರಿಂದಲೇ ಅದರ ಮೇಲೆ ಅನುಮಾನ.

ಮರುದಿನದಿಂದ ಫೋಟೊಗಳು ಬರತೊಡಗಿದವು. ಸರ್ಚ್‌ಲೈಟಿನ ಸ್ಟ್ಯಾಂಡು: ಇದಾ, ತಂಬಿ? ಅಲ್ಲ, ಅಣ್ಣೆ. ಲಾರಿಯ ಜಾಕು: ಇದಾ? ಅಲ್ಲ. ಟೆಂಟಿನ ಕಂಬ ಬಿಗಿಯುವ ತಿರುಪು, ಯಾವುದೋ ಪಂಪಿನ ಬುಡ, ಮೂರು ಕಾಲಿನ ಒಂದು ಮರದ ಸ್ಟೂಲು. ಸ್ಟೂಲನ್ನು ಕಳಿಸುವಾಗ ಅವರಿಗೇ ಸಂಕೋಚವಾಗಿರಬೇಕು, ಪ್ರಶ್ನೆ ಬರೆದಿರಲಿಲ್ಲ. ಮೊಣಕಾಲೆತ್ತರದ ಕಪ್ಪು ವಸ್ತುಗಳು ಗಡಿ ಠಾಣೆಯಲ್ಲಿ ಅಷ್ಟೊಂದು ಇರುತ್ತವೆಂದು ನನಗೆ ಗೊತ್ತಿರಲಿಲ್ಲ. ಮೂರನೆಯ ದಿನ ಅವರು ಜನರೇಟರುಗಳನ್ನು ಹೊರಗೆಳೆಸಿ ಅವುಗಳ ಹಿಂದೆ ಹುಡುಕಿದ ಫೋಟೊ ಬಂತು. ಖಾಲಿ ಸಿಮೆಂಟು ನೆಲ, ಒಂದು ಪೊರಕೆ, ಗೋಡೆಯ ಮೇಲೆ ಅವರದೇ ನೆರಳು. ಅದನ್ನು ನೋಡಿದ ಮೇಲೆ ನಾನು ಎದ್ದು ಮೇಡಂ ಕೋಣೆಗೆ ಹೋದೆ.

ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇಲ್ಲದ ಸಾಮಾನಿಗೆ ಬಣ್ಣ ಬೇರೆ ಹೇಳಿದ್ರಾ ನೀವು? ಎಂತ ಮಾರಾಯ್ರೆ ನಿಮ್ಮದು."

ಸುಳ್ಳು ಸಾಲೊಂದು ಉಳಿದುಹೋಗಿತ್ತೆಂದು ಕಂಪನಿಯ ಕಾಗದದಲ್ಲಿ ಬರೆದುಕೊಡೋಣ ಎಂದೆ. ಅವರೂ ಮೊದಲು ಅದನ್ನೇ ಯೋಚಿಸಿದರು, ಆ ನ್ಯಾಯ ಅವರಿಗೆ ಸಲ್ಲಬೇಕು. ಆದರೆ ಒಪ್ಪಂದದಲ್ಲಿ ಒಂದು ಷರತ್ತಿತ್ತು. ಒಂದು ಸಾಲು ಸುಳ್ಳೆಂದು ಗೊತ್ತಾದರೆ ಇಡೀ ಪಟ್ಟಿ ಅನುಮಾನಕ್ಕೆ ಒಳಗಾಗುತ್ತದೆ. ದೇಶದ ಪ್ರತಿ ಠಾಣೆಯಲ್ಲೂ ಪ್ರತಿ ದೋಣಿಯನ್ನೂ ಪ್ರತಿ ರೈನ್‌ಕೋಟನ್ನೂ ಮತ್ತೆ ಎಣಿಸಬೇಕು. ಅಲ್ಲಿಯವರೆಗೆ ಯಾವ ಸ್ಟೋರಿನವರಿಗೂ ಬಿಡುಗಡೆಯಿಲ್ಲ. ಆ ಷರತ್ತನ್ನು ಸೇರಿಸಿದವರು ಮೇಡಂ. ನಮ್ಮ ಪ್ರೋಗ್ರಾಂ ಎಷ್ಟು ನಂಬಿಕೆಯದು ಎಂದು ತೋರಿಸಲಿಕ್ಕೆ.

ಆಮೇಲೆ ನಮ್ಮಲ್ಲೊಬ್ಬರು, "ಆ ಮಣೆ ಮನೆಯಲ್ಲಿ ಉಂಟಲ್ಲ?" ಎಂದರು. ಹೇಳಿದ್ದು ಅವರು. ಉಂಟು ಎನ್ನುವ ಉಚ್ಚಾರ ಕಿವಿಯಲ್ಲಿ ಹಾಗೇ ಇದೆ. ಅವರನ್ನು ಕೇಳಿದರೆ ಹೇಳಿದ್ದು ನೀವು ಎನ್ನುತ್ತಾರೆ. ನಾನೂ ಉಡುಪಿಯವನೇ, ನನ್ನ ಬಾಯಲ್ಲೂ ಉಂಟು ಎನ್ನುವುದೇ ಬರುತ್ತದೆ. ಹೀಗಾಗಿ ಉಚ್ಚಾರದಿಂದ ಏನೂ ಸಾಬೀತಾಗುವುದಿಲ್ಲ.

ಮನೆಯಲ್ಲಿ ಹೆಂಡತಿಗೆ ಹೇಳಿದಾಗ ಅವಳು ಪರೀಕ್ಷೆಯ ಪೇಪರು ತಿದ್ದುತ್ತಿದ್ದಳು. ಪೂರ್ತಿ ಕೇಳಿ, ಒಬ್ಬ ವಿದ್ಯಾರ್ಥಿಗೆ ಸೊನ್ನೆ ಹಾಕಿ, ಪೆನ್ನು ಕೆಳಗಿಟ್ಟಳು.

"ಅದು ನನ್ನ ಅಮ್ಮ ಕೊಟ್ಟದ್ದು. ಪೊಲೀಸ್ ಸ್ಟೋರಿಗೆ ಹಾಕ್ಲಿಕ್ಕೆ ಅಲ್ಲ."

ಬ್ರಿಕ್‌ಫೀಲ್ಡ್ಸ್‌ಗೆ ಹೋಗಿ ಬೇರೆಯದು ತಾ ಎಂದಳು. ಹೋದೆ. ಪಾತ್ರೆ ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ಒತ್ತುವ ಹಿತ್ತಾಳೆಯವು, ಮರದವು, ಚಕ್ಕುಲಿಯವು, ಎಲ್ಲ ಇದ್ದವು. ಕಾಲಿರುವುದು ಕೊಡಿ ಎಂದೆ. ಅಂಗಡಿಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಇಡ್ಲಿ ಪಾತ್ರೆಗೆ ಕೈ ಬೇಕಾ ಎಂದು ಕೇಳಿದಳು. ಪಟ್ಟಿಯಲ್ಲಿ ಮೂರು ಕಾಲೆಂದು ಬರೆದಾಗಿತ್ತು. ನಾನು ಬರೆದದ್ದಕ್ಕೆ ಲೋಕವೇ ಹೊಂದಿಕೊಳ್ಳಬೇಕಾದ ಸ್ಥಿತಿ ನನ್ನ ಬದುಕಿನಲ್ಲಿ ಅದೊಂದೇ ಸಲ ಬಂದದ್ದು. ಬರಿಗೈಯಲ್ಲಿ ವಾಪಸಾದೆ. ಹೆಂಡತಿ ಕೊನೆಗೆ ಒಪ್ಪಿದಳು, ವಾಪಸು ತರಬೇಕೆಂಬ ಮಾತಿನ ಮೇಲೆ. ಇಟ್ಟು ಬರಲು ಹೋಗುವವನು ವಾಪಸು ತರುವುದು ಹೇಗೆ ಎಂದು ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಸೋಪು ಹಾಕಿ ತೊಳೆದು ಕೊಟ್ಟಳು.

ಬೆಳಿಗ್ಗೆ ಆರಕ್ಕೆ ಹೊರಟೆ. ಮಣೆಯನ್ನು ಮುಂದಿನ ಸೀಟಿನಲ್ಲಿಟ್ಟಿದ್ದೆ. ಅದರ ಭಾರಕ್ಕೆ ಯಾರೋ ಕೂತಿದ್ದಾರೆಂದು ತಿಳಿದು ಕಾರು ಪೀಂ ಪೀಂ ಎನ್ನತೊಡಗಿತು, ಬೆಲ್ಟು ಹಾಕಿಸಿದ ಮೇಲೇ ಸುಮ್ಮನಾದದ್ದು. ಹೀಗೆ ಇಬ್ಬರೂ ಬೆಲ್ಟು ಕಟ್ಟಿಕೊಂಡು ಉತ್ತರಕ್ಕೆ ಹೊರಟೆವು. ಹೆದ್ದಾರಿಯ ಪಕ್ಕದ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಹೋಟೆಲಿನಲ್ಲಿ, ರೊಟ್ಟಿಯನ್ನು ತಪಾವ್, ಎಂದರೆ ಪಾರ್ಸಲ್, ಮಾಡಿಸಿ ಕಾರಿನಲ್ಲೇ ತಿಂದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ತಮಿಳಿನಲ್ಲಿ ಅಭ್ಯಾಸ ಮಾಡಿದೆ. ಮಣೆಯನ್ನು ಸದ್ದಿಲ್ಲದೆ ಒಂದು ಮೂಲೆಯಲ್ಲಿಡುವುದು, ಅವರು ಆಮೇಲೆ ತಾವೇ ಕಂಡುಹಿಡಿದಂತೆ ಆಗುವುದು, ಇದು ಮೊದಲ ಯೋಜನೆ. ಲಾರಿಯಲ್ಲಿ ಬಿಟ್ಟುಹೋಗಿತ್ತು, ಈಗ ತಂದಿದ್ದೇನೆ ಎನ್ನುವುದು ಎರಡನೆಯದು. ಎರಡೂ ಪ್ರತಿ ನೂರು ಕಿಲೊಮೀಟರಿಗೆ ಒಂದಿಷ್ಟು ಕೆಡುತ್ತಾ ಹೋದವು.

ಗಡಿ ಹತ್ತಿರವಾಗುವಾಗ ರಸ್ತೆಗೆ ಅಡ್ಡಲಾಗಿ ತಪಾಸಣೆ ಇತ್ತು. ಯುವತಿಯೊಬ್ಬಳು, ಕಾನ್‌ಸ್ಟೇಬಲ್, ಕಿಟಕಿಯೊಳಗೆ ಬಗ್ಗಿ ಬೆಲ್ಟು ಕಟ್ಟಿದ್ದ ಕಬ್ಬಿಣವನ್ನು ನೋಡಿ ಇದೇನೆಂದು ಕೇಳಿದಳು. ಪುಟು ಮಾಯಂ ಮಾಡುವುದು ಎಂದೆ. ಇಲ್ಲಿ ರಸ್ತೆಬದಿಯಲ್ಲಿ ತೆಂಗಿನತುರಿ, ಕಂದು ಸಕ್ಕರೆ ಹಾಕಿ ಮಾರುವ ಶಾವಿಗೆಗೆ ಹಾಗೆನ್ನುತ್ತಾರೆ. ಅವಳು ಸರಿ ಎಂದು ಕೈಬೀಸಿ ಬಿಟ್ಟಳು. ನಿಜ ಹೇಳಲು ಒಂದು ಸೆಕೆಂಡು ಹಿಡಿದಿತ್ತು.

ಠಾಣೆಯ ಸ್ಟೋರು ತಗಡಿನ ಮಾಡಿನ ಉದ್ದನೆಯ ಕಟ್ಟಡ. ಸಾರ್ಜೆಂಟ್ ಬಾಗಿಲಲ್ಲೇ ನಿಂತಿದ್ದರು. ತೆಳ್ಳಗೆ, ಮೀಸೆಗೆ ಬಣ್ಣ, ಕನ್ನಡಕ ದಾರಕ್ಕೆ ಕಟ್ಟಿ ಕೊರಳಲ್ಲಿ. ನಾನು ಫೋನಿನಲ್ಲಿ ಹೇಳಿದ್ದು, ವಿಷಯ ಮಾತಾಡಲು ಬರುತ್ತೇನೆ ಎಂದಷ್ಟೇ. ಕಾರಿನಿಂದ ಮಣೆಯನ್ನು ಎತ್ತಿ ಅವರ ಮುಂದೆ ನೆಲಕ್ಕಿಟ್ಟೆ. ಅವರು ಅದರ ಸುತ್ತ ಒಂದು ಸುತ್ತು ಬಂದರು. ಕನ್ನಡಕ ಹಾಕಿಕೊಂಡು ಬಗ್ಗಿ ಹಿಡಿಯನ್ನು ಅರ್ಧ ತಿರುಗಿಸಿದರು. ಒಳಗಿನ ಬಿಲ್ಲೆಯನ್ನು ಬೆರಳಿನಿಂದ ಸವರಿ, ತೂತುಗಳನ್ನು ಬೆಳಕಿಗೆ ಹಿಡಿದು ನೋಡಿದರು.

"ಇದು ಪುಟು ಮಾಯಂದು."

ಹೌದು ಎಂದೆ. ಅಭ್ಯಾಸ ಮಾಡಿದ್ದ ಎರಡು ಯೋಜನೆಗಳೂ ಅಲ್ಲೇ ಬಿದ್ದುಹೋದವು. ಉಳಿದದ್ದನ್ನು ತಮಿಳು, ಇಂಗ್ಲಿಷ್, ಮಧ್ಯೆ ಒಂದಿಷ್ಟು ಕನ್ನಡ ಬೆರೆಸಿ ಹೇಳಿದೆ. ಸುಳ್ಳು ಸಾಲು, ಗುಡಿಸುವಾಗ ಉಳಿದದ್ದು, ಕಪ್ಪು ಬಣ್ಣ. ಹೇಳುವಾಗ ಅವರ ಮುಖ ನೋಡಲಿಲ್ಲ. ಹಾಗಾಗಿ ಆಗ ಅವರ ಮುಖ ಹೇಗಿತ್ತೆಂದು ಬರೆಯಲಾರೆ. ಬರೆದರೆ ಅದು ನಾನು ಕಲ್ಪಿಸಿಕೊಂಡ ಮುಖ.

ಅವರು ಮೊದಲು ಕೇಳಿದ್ದು, ಹಾಗಾದರೆ ಸ್ಟೂಲಿನ ಫೋಟೊ ನೋಡಿ ನೀವು ನಕ್ಕಿರಬೇಕಲ್ಲ ಎಂದು. ನಕ್ಕಿರಲಿಲ್ಲ ಎಂದೆ. ಅದಂತೂ ನಿಜ.

ಸ್ಟೋರಿನ ಹಿಂದೆಯೇ ಅವರ ಕ್ವಾರ್ಟರ್ಸು. ಬಿಸಿಲಲ್ಲಿ ನಿಂತು ಏನು ಮಾತು ಎಂದು ಅಲ್ಲಿಗೆ ಕರೆದೊಯ್ದರು, ಮಣೆಯ ಎರಡು ಕಾಲು ಅವರು, ಒಂದು ಕಾಲು ನಾನು ಹಿಡಿದು. ಅವರ ಹೆಂಡತಿ ನನಗೆ ಚಹಾ ಕೊಡುವ ಮೊದಲು ಮಣೆಯನ್ನು ನೋಡಿದರು. ಬಂದದ್ದು ಬಂದಿದೆ, ಹಿಟ್ಟು ಕಲಸಲೇ ಎಂದರು. ನಮ್ಮ ಕಡೆ ಹಿಟ್ಟನ್ನು ಮೊದಲು ಬೇಯಿಸಿ ಉಂಡೆ ಬಿಸಿಯಿರುವಾಗಲೇ ಒತ್ತುತ್ತೇವೆ ಎಂದೆ. ಅವರು ನನ್ನನ್ನು ಕನಿಕರದಿಂದ ನೋಡಿದರು. ಮೊದಲು ಒತ್ತಿ, ಆಮೇಲೆ ಬೇಯಿಸುವುದು ಸರಿಯಾದ ಕ್ರಮವಂತೆ. ಬೆಂದ ಮೇಲೆ ಒತ್ತಿದರೆ ಕೈ ಮುರಿಯುವುದಿಲ್ಲವೇ? ಮುರಿಯುತ್ತದೆ, ಅದಕ್ಕೇ ಮೂರು ಕಾಲು, ಎಂದೆ. ಸಾರ್ಜೆಂಟ್ ಇಬ್ಬರ ಮಧ್ಯೆ ಕುಳಿತು ಎರಡೂ ಕ್ರಮವನ್ನು ಒಂದೊಂದು ಸಲ ಮಾಡಿ ನೋಡಿ ಎಂದು ತೀರ್ಪು ಕೊಟ್ಟರು. ಮಾಡಿದೆವು. ಬೆಂದ ಉಂಡೆ ಹಾಕಿ ತಿರುಗಿಸುವಾಗ ಮಣೆ ನೆಲದ ಮೇಲೆ ಜಾರಿತು. ಅವರು ಬೂಟುಗಾಲಿನಿಂದ ಎರಡು ಕಾಲು ಅದುಮಿ ಹಿಡಿದರು, ನಾನು ಹಿಡಿ ತಿರುಗಿಸಿದೆ. ಶಾವಿಗೆ ಇಳಿಯಿತು. ಯಾವುದು ಚೆನ್ನಾಗಿತ್ತೆಂದು ನನಗೆ ನೆನಪಿಲ್ಲ. ನಮ್ಮದೇ ಎಂದು ಹೆಂಡತಿಗೆ ಹೇಳಿದ್ದೇನೆ.

ತಟ್ಟೆ ಖಾಲಿಯಾದ ಮೇಲೆ ನಾನು ವಿಷಯಕ್ಕೆ ಬಂದೆ. ಮಣೆಯನ್ನು ಸ್ಟೋರಿನಲ್ಲಿಡಿ, ಸಾಲಿನಲ್ಲಿ ಬರೆದ ಪ್ರತಿ ಮಾತಿಗೂ ಅದು ಹೊಂದುತ್ತದೆ, ಹೊಸಬರಿಗೆ ಮುಟ್ಟಿ ತೋರಿಸಿ, ಕೆಲಸ ಮುಗಿಯಿತು ಎಂದೆ. ಅವರು ಕೈತೊಳೆದು ಬಂದು, ಟವೆಲಿನಲ್ಲಿ ಒಂದೊಂದೇ ಬೆರಳು ಒರೆಸಿಕೊಂಡರು.

"ನೀವು ಇಲ್ಲದ್ದನ್ನ ಬರೆದ್ರಿ, ತಂಬಿ. ನಾನು ನೋಡದ್ದಕ್ಕೆ ಸೈನ್ ಹಾಕಿದೆ. ಈಗ ಇದನ್ನ ಒಳಗಿಟ್ಟರೆ ಎರಡೂ ಸರಿಯಾಗ್ತದಾ?"

ಹಾಗಾದರೆ ನಾನೇ ನನ್ನ ಹೆಸರಿನಲ್ಲಿ ಮೇಲಿನವರಿಗೆ ಕಾಗದ ಬರೆಯುತ್ತೇನೆ ಎಂದೆ. ಷರತ್ತಿನ ವಿಷಯವನ್ನೂ ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಯೋಚಿಸಿದರು. ಕೇಳಿಸುವಷ್ಟು ಯೋಚಿಸಿದರು ಎನ್ನಬೇಕು, ನಾಲಿಗೆಯಿಂದ ಹಲ್ಲಿನ ಸಂದಿಯ ತೆಂಗಿನತುರಿ ತೆಗೆಯುತ್ತಾ. ತಾನು ಫೋನ್ ಮಾಡುವವರೆಗೆ ಏನೂ ಬರೆಯಬೇಡಿ ಎಂದರು. ಮಣೆಯನ್ನು ಅವರ ಹೆಂಡತಿ ತೊಳೆದು ಒರೆಸಿದರು. ಅವರೇ ಅದನ್ನು ಕಾರಿಗೆ ತಂದು, ಮುಂದಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಹಾಕಿದರು.

ಫೋನ್ ಬರಲಿಲ್ಲ.

ನಾನು ಪ್ರತಿದಿನ ಬೆಳಿಗ್ಗೆ ಕಾಗದದ ಕರಡು ತೆರೆದು ಒಂದು ಪದ ಬದಲಿಸಿ ಮುಚ್ಚುತ್ತಿದ್ದೆ. ಮೇಡಂ ಏನನ್ನೂ ಕೇಳದೆ ಎರಡು ಸಲ ನನ್ನ ಮೇಜಿನ ಹತ್ತಿರ ಬಂದು ಹೋದರು. ಹನ್ನೊಂದನೆಯ ದಿನ ಪ್ರೋಗ್ರಾಂ ತೆರೆದು ಆ ಸಾಲನ್ನು ನೋಡಿದಾಗ ಸ್ಥಿತಿ ಎ ಇದ್ದದ್ದು ಸಿ ಆಗಿತ್ತು. ಮಂಡಳಿಯ ಮೂವರ ಸಹಿ. ಷರಾ ಕಾಲಂನಲ್ಲಿ ಮಲಯ್‌ನಲ್ಲಿ ಎರಡು ಪದ, ಕಂಡು ಪರಿಶೀಲಿಸಿದೆವು ಎಂಬರ್ಥದವು. ಅದರ ಕೆಳಗೆ, ಅದೇ ದಿನ, ಸಾರ್ಜೆಂಟರ ಬಿಡುಗಡೆಯ ಗುರುತು. ಅವರ ಕೆಲಸದ ಕೊನೆಯ ದಿನಕ್ಕೆ ಎರಡು ದಿನ ಮೊದಲೇ. ಹೊಸ ವಿಚಾರಣೆ ಇಲ್ಲ, ಮರು ಎಣಿಕೆಯ ಆದೇಶ ಇಲ್ಲ, ಕಂಪನಿಗೆ ಒಂದು ಸಾಲಿನ ಪತ್ರವೂ ಇಲ್ಲ.

ಆ ದಿನ ಮಣೆ ನಮ್ಮ ಅಡುಗೆಮನೆಯಲ್ಲಿತ್ತು. ಹಾಗಾದರೆ ಅವರು ಕಂಡದ್ದು ಏನನ್ನು?

ಮಂಡಳಿಗೆ ಲಾರಿಯ ಜಾಕನ್ನು ತೋರಿಸಿರಬೇಕು ಎನ್ನುತ್ತಾರೆ ಮೇಡಂ. ಎಷ್ಟಾದರೂ ಪೊಲೀಸ್ ಅಲ್ವಾ ಎಂದು ಸೇರಿಸಿ, ಆ ಮಾತಿಗೆ ತಾವೇ ನಾಚಿದರು. ನನ್ನ ಹೆಂಡತಿಗೆ ಅದು ಒಪ್ಪಿಗೆಯಿಲ್ಲ. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿರುತ್ತಾರೆ, ಮಂಡಳಿಯ ಮೂವರೂ ನಕ್ಕು, ಖಾಲಿ ನೆಲವನ್ನೇ ನೋಡಿ ಸಹಿ ಹಾಕಿರುತ್ತಾರೆ ಎಂದು ಅವಳ ನಂಬಿಕೆ. ಮಂಡಳಿಗಳು ಹಾಗೆ ನಗುವುದನ್ನು ನಾನು ನೋಡಿಲ್ಲ. ಆದರೆ ನಾನು ನೋಡಿರುವ ಮಂಡಳಿಗಳೂ ಕಡಿಮೆ.

ಸ್ಟೋರಿನ ನಂಬರಿಗೆ ಫೋನ್ ಮಾಡಿದೆ. ಹೊಸಬರು ಎತ್ತಿದರು. ಪಟ್ಟಿಯಲ್ಲಿ ಏನಾದರೂ ತೊಂದರೆಯೇ ಎಂದು ಕೇಳಿದರು. ಏನೂ ಇಲ್ಲ ಎಂದೆ. ಸಾರ್ಜೆಂಟರ ಸ್ವಂತ ನಂಬರು, ಫೋಟೊ ಬರುತ್ತಿದ್ದ ನಂಬರು, ನನ್ನ ಬಳಿ ಇದೆ. ಹಬ್ಬಕ್ಕೊಮ್ಮೆ ಶುಭಾಶಯ ಕಳಿಸುತ್ತೇನೆ. ಅವರು ಎರಡು ಕೈ ಮುಗಿದ ಚಿತ್ರ ಕಳಿಸುತ್ತಾರೆ. ಕೇಳಬೇಕೆಂದು ಟೈಪ್ ಮಾಡಿ ಅಳಿಸಿದ್ದೂ ಇದೆ. ಇಲ್ಲಿ ಅಳಿಸಲು ಬರುತ್ತದೆ. ಅವರು ಮಂಡಳಿಗೆ ನಿಜ ಹೇಳಿದ್ದರೆ, ಅದನ್ನು ಅವರಿಗಿಂತ ಮೊದಲು ಹೇಳಬೇಕಿದ್ದವನು ನಾನು. ಹೇಳಿರದಿದ್ದರೆ, ಆ ಮೂವತ್ತೊಂದು ವರ್ಷದ ಕೊನೆಯ ವಾರವನ್ನು ಕೆಡಿಸಿದವನು ನಾನು. ಯಾವುದೆಂದು ನನಗೆ ಗೊತ್ತಿಲ್ಲ.